ಎರಡು ಬೆರಳು ಕಡಿಮೆ ಬಿದ್ದ ಹರಿಗೋಲು

೧
ಕೂದಲಿನಿಂದ ಶುರು ಮಾಡಲೋ, ನದಿಯಿಂದಲೋ? ಹಂಪಿಯ ಪಕ್ಕದ ಕಥೆಯೆಂದರೆ ನೀವು ಬಂಡೆ ಕೇಳುತ್ತೀರಿ. ಕ್ಷಮಿಸಿ, ಸ್ಟಾಕ್ ಇಲ್ಲ. ಹೊಸಪೇಟೆಯ ಯಶೋಧರಾ ಶಿಲ್ಪಿಯೇನೋ ಹೌದು, ಆದರೆ ಕಲ್ಲು ಮುಟ್ಟಿದವಳಲ್ಲ. ಸೈಕಲ್ ಚೈನು, ಪೊರಕೆ ಕಡ್ಡಿ, ಹುಣಸೆ ಬೀಜ, ಕೈಗೆ ಸಿಕ್ಕಿದ್ದರಲ್ಲೇ ಅವಳ ಕುಸುರಿ.

೨
ಅವಳ ಅವ್ವ ದುರ್ಗಕ್ಕ, ತಲೆ ಬಾಚುವಾಗ ಉದುರಿದ ಕೂದಲನ್ನು ಉಂಡೆ ಸುತ್ತಿ ಗೋಡೆಯ ಸಂದಿಗೆ ತುರುಕುತ್ತಿದ್ದಳು. ಕೂದಲು ತೂಗಿಕೊಂಡು ಪಾತ್ರೆ ಕೊಡುವವನು ಬಂದಾಗ ಒಂದು ಸ್ಟೀಲ್ ಡಬ್ಬಿ ತಗೊಳ್ಳುವ ಆಸೆ. ಮಗಳು ಅದನ್ನೆಲ್ಲ ಕದ್ದು, ಎಳೆ ಎಳೆಯಾಗಿ ಬಿಡಿಸಿ, ಅಂಗೈಯಗಲದ ದುಂಡು ಹರಿಗೋಲು ಹೆಣೆಯತೊಡಗಿದಳು.

"ಅಯ್ಯಯ್ಯ, ನನ್ನ ಡಬ್ಬಿಗೆ ಮಣ್ಣ ಹಾಕಿದೆಲ್ಲೇ!"

ಆಮೇಲೆ ಅವ್ವನಿಗೆ ಕಾಯಿಲೆ ಬಂತು, ಇಂಜೆಕ್ಷನ್ ಶುರುವಾಯಿತು, ತಲೆ ಬೋಳಾಯಿತು. ಹರಿಗೋಲಿನ ಅಂಚು ಎರಡು ಬೆರಳಿನಷ್ಟು ಬಾಕಿ ಉಳಿಯಿತು.

೩ (ಹರಿದುಹಾಕಿದ ಡ್ರಾಫ್ಟ್)
ಮಧ್ಯಾಹ್ನದ ಬಿಸಿಲಲ್ಲಿ ಹರಿಗೋಲು ಮೇಜಿನಿಂದ ಮೆಲ್ಲಗೆ ತೇಲಿತು. ಕೋಣೆಯ ತುಂಬ ತುಂಗಭದ್ರೆ. ಗೋಡೆಯ ಕ್ಯಾಲೆಂಡರು ನೀರಿನಲ್ಲಿ ಅಲುಗಾಡುತ್ತಿತ್ತು. ದುರ್ಗಕ್ಕ ಸೀರೆಯ ನಿರಿಗೆ ಎತ್ತಿ ಹಿಡಿದು ಹತ್ತಿ ಕೂತಳು, ಆಚೆ ದಡಕ್ಕೆ ಹೊರಟಳು...

"ಏ ಬರಿಯೋರ, ನಿಲ್ರಿ! ನಿಮ್ಮ ಕಥಿ ಚೆಂದ ಆಗ್ಲಿ ಅಂತ ನಾ ಸಾಯ್ಬೇಕೇನ್ರಿ?"

(ಪಾತ್ರಗಳಿಗೆ ಸಲಿಗೆ ಕೊಟ್ಟರೆ ತಲೆ ಮೇಲೆ ಕೂರುತ್ತವೆ. ಆದರೂ ಅವಳು ಕೇಳಿದ್ದು ಸರಿ. ನನಗೆ ನಾಚಿಕೆಯಾಯಿತು.)

೪
ಇನ್ನೊಂದು ಮುಕ್ತಾಯ: ಯಶೋಧರಾ ತನ್ನ ಜಡೆಯನ್ನೇ ಕತ್ತರಿಸಿ ಅಂಚು ಮುಗಿಸುತ್ತಾಳೆ, ಬೆಂಗಳೂರಿನ ಗ್ಯಾಲರಿಯವರು ಒಯ್ಯುತ್ತಾರೆ. ಸೂಪರ್ ಅಲ್ಲವೇ?

ಗ್ಯಾಲರಿಯ ಗಾಡಿ ಬಾಗಿಲಿಗೇ ಬಂದಿತ್ತು. ಯಶೋಧರಾ ಕತ್ತರಿ ಎತ್ತಿದಳು. ಅವ್ವ ಅವಳ ಮುಂಗೈ ಹಿಡಿದಳು.

"ಬ್ಯಾಡ. ನಂದ ಕೂದ್ಲ ಬರ್ತೈತಿ, ತಡಿ."

"ಯಾವಾಗವ್ವಾ?"

"ಬಂದಾಗ."

ಕೂದಲೇನೋ ಬಂದೀತು, ಅಷ್ಟು ದಿನ ಅವ್ವ ಇರುತ್ತಾಳೆಯೇ? ಮಗಳು ಡಾಕ್ಟರನ್ನು ಎರಡು ಸಲ ಕೇಳಿದ್ದಳು. ಎರಡು ಸಲವೂ ಅವರು ಫೈಲು ನೋಡಿದ್ದರು. ಕತ್ತರಿ ಕೆಳಗಿಟ್ಟು ಹೊರಗೆ ಹೋಗಿ, "ಮುಗಿದಿಲ್ರಿ, ಹೋಗಿಬರ್ರಿ" ಎಂದು ಗಾಡಿಯನ್ನು ಕಳಿಸಿಬಿಟ್ಟಳು.

೫
ಮೂರನೆಯ ಮುಕ್ತಾಯವೂ ನನ್ನಲ್ಲಿ ರೆಡಿ ಇತ್ತು. ಬಾಯಿ ತೆರೆಯುವಷ್ಟರಲ್ಲಿ ದುರ್ಗಕ್ಕ ಮಂಚದಲ್ಲಿ ಸ್ವಲ್ಪ ಸರಿದಳು.

"ನೀವೂ ಕುಂದ್ರಿ. ಭಾಳ ಅವಸರದೋರದೀರಿ."

"ಎಷ್ಟು ದಿನ, ದುರ್ಗಕ್ಕ?"

"ನಾ ಜಡಿ ಹಾಕ್ಕೊಳ್ಳೋತನಕ."

ಕೂತಿದ್ದೇನೆ.