ಹದಿನಾರಾಣೆ ವಾಸನೆ

ಬೆಕ್ಕಿನ ಟ್ರೇಯಿಂದ ತೆಗೆದು ಜರಡಿಯಲ್ಲಿ ಉಳಿದ ಒದ್ದೆ ಮರದ ಹೊಟ್ಟನ್ನು ಭಾಗ್ಯಶ್ರೀ ಹಳೇ ಪೇಪರಿಗೆ ಸುರಿದು ಸುತ್ತುತ್ತಿರುವಾಗಲೇ ಮೆಟ್ಟಿಲ ಮೇಲೆ ಮೂಗಿನಿಂದ ಉಸಿರೆಳೆಯುವ ಸದ್ದು ಕೇಳಿಸಿತು. ಮೊದಲು ಉದ್ದಕ್ಕೆ ಒಂದು. ಆಮೇಲೆ ಚಿಕ್ಕದಾಗಿ ಎರಡು. ಅವಳು ಕೈ ನಿಲ್ಲಿಸಿ ಕಾದಳು.

"ಹನ್ನೆರಡಾಣೆ," ಅಂದಿತು ಮೆಟ್ಟಿಲಿನ ದನಿ.

"ನಿನ್ನೇನೂ ಹನ್ನೆರಡಾಣೆನ ಅಂದಿದ್ರಲ್ರಿ ಅಮ್ಮಾ. ಇವತ್ತ ಸೋಡಾ ಹಾಕೀನಿ."

"ಸೋಡಾ ಆಕಿದ್ರೆ ಅದೇನು ಬೋಂಡ ಆಯ್ತದಾ? ಬೆಕ್ಕಿನುಚ್ಚೆ ಬೆಕ್ಕಿನುಚ್ಚೆನೇ ಕಣಮ್ಮಿ."

ಮನೆ ಓನರ್ ಸೊಣ್ಣಮ್ಮನಿಗೆ ಎಪ್ಪತ್ತು ದಾಟಿತ್ತು. ಬಾಗಲಗುಂಟೆಯ ಈ ಜಾಗದಲ್ಲಿ ಅವಳು ಸೊಸೆಯಾಗಿ ಬಂದಾಗ ರಾಗಿ ಬೆಳೆಯುತ್ತಿದ್ದರು. ಈಗ ಮೂರು ಅಂತಸ್ತು, ಹನ್ನೊಂದು ಬಾಡಿಗೆ ಮನೆ. ಮಂಡಿ ನೋವಿನವಳು ಒಂಬತ್ತನೇ ಮೆಟ್ಟಿಲಿಗೆ ನಿಲ್ಲುತ್ತಿದ್ದಳು. ಅಲ್ಲಿಂದ ಮುಂದಕ್ಕೆ ಅವಳ ಮೂಗು ಹೋಗುತ್ತಿತ್ತು. ವಾಸನೆಯನ್ನು ಅವಳು ಆಣೆಯಲ್ಲಿ ಅಳೆಯುತ್ತಿದ್ದಳು, ಹದಿನಾರಾಣೆ ಅಂದರೆ ಪೂರ್ತಿ.

ಆ ಹದಿನಾರಾಣೆ ಬಂದದ್ದು ಶ್ರಾವಣದಲ್ಲಿ ಒಂದೇ ಸಲ. ನಾತ ಹೋಗಲೆಂದು ಭಾಗ್ಯಶ್ರೀ ಬೆಕ್ಕಿನ ಟ್ರೇಗೆ ಫಿನಾಯ್ಲ್ ಸುರಿದಿದ್ದಳು. ಬೆಕ್ಕು ಬಂದು ಮೂಸಿತು, ಅವಳ ಮುಖ ನೋಡಿತು, ನೆಟ್ಟಗೆ ಹೋಗಿ ಅವಳ ಕೌದಿಯ ಮೇಲೆ ಕೂತು ಕೆಲಸ ಮುಗಿಸಿತು. ಎರಡು ದಿನ ಹೀಗೇ. ಹಳೇ ಸೀರೆಗಳನ್ನು ಸೇರಿಸಿ ಅವಳೇ ಹೊಲಿದಿದ್ದ ಕೌದಿ. ನಾಲ್ಕು ಸಲ ಒಗೆದರೂ ಬಿಡಲಿಲ್ಲ. ಎಸೆಯಲು ಮನಸ್ಸಾಗದೆ ಎರಡು ಪ್ಲಾಸ್ಟಿಕ್ ಕವರಿನಲ್ಲಿ ಬಿಗಿಯಾಗಿ ಕಟ್ಟಿ ಸಜ್ಜದ ಮೇಲೆ ತಳ್ಳಿದಳು. ಅವತ್ತೇ ಸೊಣ್ಣಮ್ಮ ಹೇಳಿದ್ದು: "ದೀಪಾವಳಿ ಒಳಗೆ ವಾಸ್ನೆ ಓಗ್ಬೇಕು. ಇಲ್ಲಾಂದ್ರೆ ಬೆಕ್ಕು ಓಗ್ಬೇಕು. ಯಾವ್ದನ್ನ ಕಳಿಸ್ತೀಯೋ ನೀನೇ ನೋಡ್ಕೊ."

ಬೆಕ್ಕಿನ ಹೆಸರು ಮೇಸ್ತ್ರಿ. ಭಾಗ್ಯಶ್ರೀ ಕುಷ್ಟಗಿಯಿಂದ ಒಬ್ಬಳೇ ಬಂದು ಪೀಣ್ಯದ ಶೆಡ್ಡೊಂದರಲ್ಲಿ ಕೆಲಸಕ್ಕೆ ಸೇರಿದ ವರ್ಷ ಸಿಕ್ಕಿದ್ದು. ಅಲ್ಲಿ ಮಷೀನು ಸಾಗಿಸಲು ಬೇಕಾದ ಮರದ ಪ್ಯಾಲೆಟ್ ಮಾಡುತ್ತಾರೆ. ಹಲಗೆಗಳ ಸಂದಿಯಲ್ಲಿದ್ದ ಮರಿ, ಅವಳು ಮೊಳೆ ಹೊಡೆದು ಮುಗಿಸಿದ ಪ್ರತಿ ಪ್ಯಾಲೆಟ್ ಮೇಲೂ ಹತ್ತಿ ಒಂದು ಸುತ್ತು ಹಾಕಿ, ಸರಿಯಿದೆ ಅನ್ನುವಂತೆ ಕೂರುತ್ತಿತ್ತು. "ಈ ಶೆಡ್ಡಿಗೆ ಒಬ್ಬನೇ ಮೇಸ್ತ್ರಿ," ಅಂದ ಅಸಲಿ ಮೇಸ್ತ್ರಿ ರಾಜೇಂದ್ರ. ಅವಳು ಮರಿಯನ್ನು ಬುತ್ತಿ ಚೀಲದಲ್ಲಿಟ್ಟುಕೊಂಡು ಮನೆಗೆ ತಂದಳು. ಬೀದಿಯಲ್ಲಿ ನಾಯಿಗಳ ಕಾಟ, ಹೊರಗೆ ಬಿಡಲಿಲ್ಲ. ಹನ್ನೆರಡು ವರ್ಷ ಆ ಒಂದು ಕೋಣೆಯಲ್ಲಿ ಅವಳು ಬರುವುದನ್ನು ಕಾದದ್ದು ಅದೊಂದೇ ಜೀವ.

ಹಾಗಾಗಿ ಅವಳು ಹಟಕ್ಕೆ ಬಿದ್ದಳು. ಟ್ರೇಯಲ್ಲಿದ್ದ ಮರಳು ತೆಗೆದು ಶೆಡ್ಡಿನಿಂದ ಪೈನ್ ಮರದ ಹೊಟ್ಟು ತಂದಳು. ತೀರಾ ನುಣ್ಣಗಿದ್ದರೆ ಪಾದಕ್ಕೆ ಮೆತ್ತುತ್ತದೆ ಎಂದು ತೋಪಡ ಹಿಡಿದು ಹಲಗೆ ಹೆರೆದಾಗ ಏಳುವ ಸುರುಳಿ ಸಿಪ್ಪೆ ಬೆರೆಸಿದಳು. ತಳಕ್ಕೆ ಅಡುಗೆ ಸೋಡಾ. ಕೆಲಸಕ್ಕೆ ಹೋಗುವ ಮುಂಚೆ ಒಂದು ಸಲ, ಬಂದ ಮೇಲೆ ಒಂದು ಸಲ ಜರಡಿ. ಫಿನಾಯ್ಲ್ ಬಾಟಲಿ ಕೆಳಗಿನ ಮನೆಯವರ ಪಾಲಾಯಿತು. ಭಾನುವಾರ ಟ್ರೇಯನ್ನು ಬರೀ ಸೋಪಿನ ನೀರಲ್ಲಿ ತೊಳೆದು ತಾರಸಿಯ ಬಿಸಿಲಿಗೆ ಬೋರಲು ಹಾಕುವಳು. ಜೊತೆಗೆ ಮೊಳೆ ಹೊಡೆಯುವ ಪದ್ಮಾವತಿ ಇನ್ನೊಂದು ಉಪಾಯ ಹೇಳಿದಳು: "ನೀರು ಜಾಸ್ತಿ ಕುಡ್ಸು ಕಣೇ. ನೀರು ಕುಡಿದ್ರೆ ನಾತ ಕಮ್ಮಿ. ನಮ್ಗೂ ಹಂಗೇ ಅಲ್ವಾ?" ಭಾಗ್ಯಶ್ರೀ ಎರಡು ಕಡೆ ನೀರಿನ ಬಟ್ಟಲಿಟ್ಟಳು, ಮೀನಿನ ಅನ್ನಕ್ಕೂ ನೀರು ಬೆರೆಸಿದಳು.

ಎಂಟಾಣೆಗೆ ಇಳಿಯಿತು. ಮಹಾಲಯ ಅಮಾವಾಸ್ಯೆಗೆ ನಾಲ್ಕಾಣೆ. ಆಯುಧಪೂಜೆ ಮಾರನೇ ದಿನ ಒಂಬತ್ತನೇ ಮೆಟ್ಟಿಲಿನಲ್ಲಿ ಮೂಗು ನಾಲ್ಕೈದು ಸಲ ಎಳೆದು ಕೊನೆಗೆ, "ಎರಡಾಣೆ ಇರ್ಬೋದು," ಅಂದಿತು, ನಂಬಿಕೆಯಿಲ್ಲದೆ.

ಮೇಸ್ತ್ರಿ ಬಟ್ಟಲು ಖಾಲಿ ಮಾಡಿ ಬಚ್ಚಲ ಬಕೆಟ್ಟಿನ ಅಂಚಿಗೆ ಮುಂಗಾಲಿಟ್ಟು ಅಲ್ಲೂ ನೀರು ಕುಡಿಯತೊಡಗಿತ್ತು. "ಶಾಣ್ಯಾ," ಅನ್ನುವಳು ಭಾಗ್ಯಶ್ರೀ. ವಾರಕ್ಕೆ ಒಂದು ಚೀಲ ಹೊಟ್ಟು ಸಾಕಾಗುತ್ತಿದ್ದದ್ದು ಎರಡಾಯಿತು. "ಮನೇಲಿ ಸಾಕಿರೋದು ಬೆಕ್ಕೋ ಎಮ್ಮೆಯೋ?" ಅಂದ ರಾಜೇಂದ್ರ. ಅವಳೂ ನಕ್ಕಳು. ಬೆನ್ನು ಸವರಿದರೆ ಮೂಳೆ ಕೈಗೆ ಸಿಗುತ್ತಿತ್ತು. ವಯಸ್ಸಾಯಿತಲ್ಲ ಅಂದುಕೊಂಡಳು.

ದೀಪಾವಳಿ ದಿನ ಸೊಣ್ಣಮ್ಮ ಒಂಬತ್ತನೇ ಮೆಟ್ಟಿಲು ದಾಟಿದಳು. ಕೈಯಲ್ಲಿ ಕಜ್ಜಾಯದ ತಟ್ಟೆ. ಒಳಗೆ ಬಂದು, ಗೋಡೆ ಹಿಡಿದು ಬಗ್ಗಿ, ಟ್ರೇಯ ಮೇಲೇ ಮೂಗಿಟ್ಟಳು.

"ಒಂದು ಕಾಸಿಂದೂ ಇಲ್ಲ ಕಣಮ್ಮಿ. ಏನ್ ಮಾಟ ಮಾಡ್ದೆ?"

"ಮಾಟ ಅಲ್ರಿ. ಹೊಟ್ಟು, ಸೋಡಾ."

"ಇರ್ಲಿ ಬುಡು ನಿನ್ ಮೇಸ್ತ್ರಿ. ಎಲ್ರ ಮನೇಗಿಂತ ನಿನ್ ಮನೇನೇ ವಾಸಿ."

ಅವಳು ಹೋದ ಮೇಲೆ ಭಾಗ್ಯಶ್ರೀ ಕಜ್ಜಾಯ ಮುರಿದು ಬಾಯಿಗೆ ಹಾಕಿಕೊಂಡು, "ಗೆದ್ವಿ ನೋಡಲೇ," ಅಂದಳು. ಮೇಸ್ತ್ರಿ ತಿರುಗಿ ನೋಡಲಿಲ್ಲ. ಬಕೆಟ್ಟಿನ ಹತ್ತಿರ ಹೋಗಿ ನೀರು ಕುಡಿಯಿತು.

ಮೂರು ವಾರಕ್ಕೆ ಮೀನನ್ನೂ ಮೂಸದಾಯಿತು. ಅರ್ಧ ದಿನ ರಜೆ ಹಾಕಿ, ಚೀಲದಲ್ಲಿಟ್ಟುಕೊಂಡು, ಆಟೋದಲ್ಲಿ ಪ್ರಾಣಿಗಳ ಕ್ಲಿನಿಕ್ಕಿಗೆ ಒಯ್ದಳು. ಡಾಕ್ಟರು ಶಾಂಭವಿ, ಇನ್ನೂ ಸಣ್ಣ ವಯಸ್ಸಿನವಳು, ಮೇಸ್ತ್ರಿಯ ಹೊಟ್ಟೆಯನ್ನು ಎರಡೂ ಕಡೆಯಿಂದ ಒತ್ತಿ ನೋಡುತ್ತಾ ಕೇಳಿದಳು.

"ನೀರು ಎಷ್ಟು ಕುಡಿಯುತ್ತೆ?"

"ಭಾಳ ಕುಡಿತಾನ್ರಿ ಮೇಡಂ. ನಾನ ರೂಢಿ ಮಾಡಿಸೀನಿ."

"ಉಚ್ಚೆ?"

"ಅದೂ ಭಾಳ. ಆದ್ರ ವಾಸನಿ ಒಂಚೂರೂ ಇಲ್ರಿ."

ಇಷ್ಟು ಹೇಳಿದ ಮೇಲೆ ಭಾಗ್ಯಶ್ರೀಗೆ ಸುಮ್ಮನಿರಲಾಗಲಿಲ್ಲ. ಪೈನ್ ಹೊಟ್ಟು, ಸೋಡಾ, ಬಿಸಿಲು, ಒಂಬತ್ತನೇ ಮೆಟ್ಟಿಲು, ಆಣೆ, ಎಲ್ಲ ಹೇಳಿದಳು. ಹೇಳುವಾಗ ಸ್ವಲ್ಪ ಜಂಬವೂ ಇತ್ತು. ಡಾಕ್ಟರ ಕೈ ಬೆಕ್ಕಿನ ಹೊಟ್ಟೆಯ ಮೇಲೆ ನಿಂತೇ ಹೋಗಿತ್ತು.

"ವಾಸನೆ ಹೋಗಿದ್ದು ಯಾವಾಗ ಅಕ್ಕ?"

"ದಸರಾದಾಗ್ರಿ."

"ಅದು ಸೋಡಾದಿಂದ ಹೋಗಿದ್ದಲ್ಲ ಅನ್ಸುತ್ತೆ. ಕಿಡ್ನಿ ಸರಿಯಿದ್ರೆ ಬೆಕ್ಕಿನ ಉಚ್ಚೆ ಗಟ್ಟಿ ಇರುತ್ತೆ, ವಾಸನೆ ಬಂದೇ ಬರುತ್ತೆ. ಕಿಡ್ನಿ ಸೋತ್ರೆ ಕುಡಿದ ನೀರು ನೀರಾಗೇ ಹೊರಗೆ ಹೋಗುತ್ತೆ. ನೀರಿಗೆ ಏನು ವಾಸನೆ ಇರುತ್ತೆ ಹೇಳಿ."

ಮಾರನೇ ದಿನ ರಕ್ತದ ರಿಪೋರ್ಟೂ ಅದನ್ನೇ ಹೇಳಿತು.

"ದಸರಾದಾಗ ಕರ್ಕೊಂಡ ಬಂದಿದ್ರ?" ಎಂದು ಕೇಳಿದಳು ಭಾಗ್ಯಶ್ರೀ.

ಡಾಕ್ಟರು ಸಿರಿಂಜಿಗೆ ಔಷಧಿ ಎಳೆದು ಮುಗಿಸಿದಳು. "ಇನ್ನಷ್ಟು ದಿನ ಸಿಗ್ತಿತ್ತು. ವರ್ಷವೇ ಸಿಗ್ತಿತ್ತೋ ಏನೋ. ನೀವೊಬ್ರೇ ಅಲ್ಲ ಅಕ್ಕ. ವಾಸನೆ ಬಂದ್ರೆ ಎಲ್ರೂ ಬರ್ತಾರೆ. ವಾಸನೆ ಹೋದ್ರೆ ಯಾರು ಬರ್ತಾರೆ?"

ದಿನ ಬಿಟ್ಟು ದಿನ ಚರ್ಮದಡಿ ಸಲೈನ್ ಹಾಕಿಸಿದಳು. ಹದಿನೆಂಟನೇ ದಿನ ಬೆಳಿಗ್ಗೆ, ಅವಳು ಬುತ್ತಿ ಕಟ್ಟಿಕೊಳ್ಳುತ್ತಿದ್ದಾಗ, ಮೇಸ್ತ್ರಿ ಬಕೆಟ್ಟಿನ ಪಕ್ಕದಲ್ಲೇ ಮಲಗಿ ಏಳಲಿಲ್ಲ. ಸೊಣ್ಣಮ್ಮ ಕಾಂಪೌಂಡಿನ ನುಗ್ಗೆಮರದ ಬುಡದಲ್ಲಿ ಜಾಗ ಕೊಟ್ಟಳು. ಗುದ್ದಲಿಯನ್ನೂ ತಾನೇ ತಂದುಕೊಟ್ಟು, ಮಣ್ಣು ಮುಚ್ಚುವವರೆಗೂ ನಿಂತಿದ್ದಳು. ಆಣೆಯ ಮಾತು ಎತ್ತಲಿಲ್ಲ.

ಮೂರನೇ ದಿನ ಭಾಗ್ಯಶ್ರೀ ಕೆಲಸಕ್ಕೆ ಹೋಗದೆ ಟ್ರೇಯ ಮುಂದೆ ಕೂತಿದ್ದಳು. ಬಗ್ಗಿ ಮೂಗಿಟ್ಟಳು. ಪೈನ್ ಮರದ ವಾಸನೆ. ದಿನಾ ಶೆಡ್ಡಿನಲ್ಲಿ ಮೂಗಿಗೆ ಹೊಡೆಯುವ ಅದೇ ವಾಸನೆ. ಗೋಡೆ ಮೂಸಿದಳು, ಕಿಟಕಿಯ ಕಟ್ಟೆ ಮೂಸಿದಳು, ಚಾಪೆ ಮೂಸಿದಳು. ಎಲ್ಲೂ ಮೇಸ್ತ್ರಿಯ ವಾಸನೆ ಇಲ್ಲ. ಹನ್ನೆರಡು ವರ್ಷ ಬದುಕಿದ ಜೀವವನ್ನು ಅದಿನ್ನೂ ಉಸಿರಾಡುತ್ತಿರುವಾಗಲೇ ತನ್ನ ಕೈಯಾರೆ ಗುಡಿಸಿ, ತೊಳೆದು, ಬಿಸಿಲಿಗೆ ಹಾಕಿ ಮುಗಿಸಿದ್ದಳು.

ಆಮೇಲೆ ಸ್ಟೂಲು ಎಳೆದುಕೊಂಡು ಹತ್ತಿದಳು. ಸಜ್ಜದ ಮೂಲೆಯಲ್ಲಿ ಆ ಗಂಟು ಇತ್ತು. ಮೊದಲ ಕವರು ಬಿಚ್ಚಿದಾಗ ಏನೂ ಇಲ್ಲ. ಎರಡನೆಯದನ್ನು ಹಲ್ಲಿನಿಂದ ಹರಿದಳು. ಕಣ್ಣಲ್ಲಿ ನೀರು ಬರಿಸುವಂಥ ಘಾಟು, ಕಿಡ್ನಿ ಗಟ್ಟಿಯಾಗಿದ್ದ ಬೆಕ್ಕಿನ ಘಾಟು, ಕೋಣೆಯ ತುಂಬ ಹರಡಿಕೊಂಡಿತು. ಅವಳು ಕೌದಿಯನ್ನು ನೆಲಕ್ಕೆ ಹಾಸಿ ಅದರ ಮೇಲೆ ಮಗ್ಗುಲಾದಳು.

ಮೆಟ್ಟಿಲ ಮೇಲೆ ಉಸಿರಿನ ಸದ್ದು ಬಂತು. ಒಂದೇ ಸಲ.

"ಹದಿನಾರಾಣೆ," ಅಂದಳು ಸೊಣ್ಣಮ್ಮ, ತನಗೇ ಹೇಳಿಕೊಳ್ಳುವಂತೆ. ಆಮೇಲೆ ಕಂಬಿ ಹಿಡಿದು ಪೂರ್ತಿ ಹತ್ತಿ ಬಂದು ಬಾಗಿಲಲ್ಲಿ ನಿಂತಳು. ಕೌದಿಯನ್ನು ನೋಡಿದಳು, ಅದರ ಮೇಲಿದ್ದವಳನ್ನು ನೋಡಿದಳು. ಸೆರಗನ್ನು ಮೂಗಿನವರೆಗೂ ತಂದು ಮತ್ತೆ ಇಳಿಸಿದಳು.

"ಏಳು ತಾಯಿ. ಇದ್ರಲ್ಲಿ ಯೆಂಗ್ ಮಲಗ್ತೀಯ? ಕೊಡಿಲ್ಲಿ, ನನ್ ಮಿಷಿನ್ಗೆ ಆಕ್ತೀನಿ. ಬಿಸ್ನೀರಲ್ಲಿ ಎರಡ್ ಸಲ ಒಗದ್ರೆ ಓಯ್ತದೆ."

ಹನ್ನೊಂದು ಮನೆಗಳಲ್ಲಿ ಯಾರ ಬಟ್ಟೆಯೂ ಆ ಮಿಷಿನ್ನಿನೊಳಗೆ ಹೋದದ್ದಿಲ್ಲ. ಅದಕ್ಕೊಂದು ಹೂವಿನ ಬಟ್ಟೆ ಹೊದಿಸಿ ಇಟ್ಟಿದ್ದಳು ಸೊಣ್ಣಮ್ಮ. ಈಗ ಎರಡೂ ಕೈ ಮುಂದೆ ಚಾಚಿ ನಿಂತಿದ್ದಳು.

ಭಾಗ್ಯಶ್ರೀ ಎದ್ದು ಕೂತು, ಕೌದಿಯ ಅಂಚನ್ನು ಮಡಿಲಿಗೆ ಎಳೆದುಕೊಂಡಳು.

"ಬ್ಯಾಡ್ರಿ."