ಅಮ್ಮನಿಗೆ ನೀರಿಳಿಸಿದ ಕೊಳವೆ

ನಮ್ಮಲ್ಲಿ ಸತ್ತವರು ದೂರ ಹೋಗುವುದಿಲ್ಲ, ಮನೆಯ ನೆಲದ ಕೆಳಗೇ ಮಲಗುತ್ತಾರೆ. ದಿನಾ ಬೆಳಿಗ್ಗೆ ಮಣ್ಣಿನ ಕೊಳವೆಯಲ್ಲಿ ಅವರಿಗೆ ನೀರಿಳಿಸಬೇಕು. ಇಳಿಸದಿದ್ದರೆ ಅಲ್ಲಿ ಅವರಿಗೆ ಧೂಳೇ ಗತಿ.

ಅಮ್ಮ ತೀರಿಕೊಂಡ ವರ್ಷವೇ ನಮ್ಮ ಉರುಕ್ ಪಟ್ಟಣದ ದೇವಿಗೆ ಎತ್ತರದ ಜಗುಲಿ ಕಟ್ಟಲು ಹೊರಟರು. ಅದಕ್ಕೆ ಆರಿಸಿದ್ದು ನಮ್ಮ ಓಣಿಯನ್ನೇ. ಜೊಂಡಿನ ಮನೆಗಳು ಒಂದೇ ದಿನದಲ್ಲಿ ಬಿಚ್ಚಿಕೊಂಡವು. ನಮಗೆ ಕಾಲುವೆಯಾಚೆ ಜಾಗ ಸಿಕ್ಕಿತು. ಅಮ್ಮ ಮಾತ್ರ ಅಲ್ಲೇ ಉಳಿದಳು.

ಇಟ್ಟಿಗೆಯ ಮೊದಲ ವರಸೆ ಬೀಳುವ ದಿನ ನಾನು ಕೊಳವೆಯ ಬಾಯಿಗೆ ಕೈ ಅಡ್ಡವಿಟ್ಟು ಕುಳಿತೆ.

"ಏಳಮ್ಮಾ, ಬಿಸಿಲೇರ್ತಾ ಇದೆ," ಎಂದ ಮೇಸ್ತ್ರಿ ಉರ್ಮೆಶ್.

"ನಮ್ಮಮ್ಮಂಗೆ ಬಾಯಾರತ್ತೆ."

"ದೇವೀನೇ ಬಂದು ಮೇಲೆ ಕೂರ್ತಾಳೆ. ಇನ್ನೇನು ಬೇಕಂತೆ ನಿಮ್ಮಮ್ಮಂಗೆ?"

"ನೀರು."

ಅವನು ತಲೆ ಕೆರೆದುಕೊಂಡ. "ಕುಂಬಾರನ ಹತ್ರ ಇನ್ನೊಂದು ಕೊಳವೆ ಇಸ್ಕೊಂಡು ಬಾ, ಇದರ ಮೇಲೆ ಕೂರಿಸ್ತೀನಿ. ಗೋಡೆ ಎದ್ದ ಹಾಗೆಲ್ಲ ನೀನೇ ತರ್ಬೇಕು. ನಂಗೆ ಮರೆವು ಜಾಸ್ತಿ."

ಹಾಗೇ ತರುತ್ತ ಹೋದೆ. ಜಗುಲಿಯ ಜೊತೆ ಕೊಳವೆಯೂ ಏರಿತು. ಮೊದಮೊದಲು ನೀರು ಹೊಯ್ದ ಕೂಡಲೇ ಕೆಳಗೆ ಗುಳುಕ್ ಎನ್ನುತ್ತಿತ್ತು. ಖರ್ಜೂರ ಹಣ್ಣಾಗುವ ಹೊತ್ತಿಗೆ ಆ ಸದ್ದಿಗಾಗಿ ಒಂದು ಉಸಿರು ಕಾಯಬೇಕಾಯಿತು, ಆಮೇಲೆ ಎರಡು, ಮೂರು. ಕಿವಿಯಿಟ್ಟರೆ ಒಳಗಿನಿಂದ ತಣ್ಣನೆಯ ಗಾಳಿ, ಹಸಿ ಜೊಂಡಿನ ವಾಸನೆ. ಅಮ್ಮ ಅಲ್ಲಿ ಚಾಪೆ ಹೆಣೆಯುತ್ತಿರಬಹುದು ಅನಿಸುತ್ತಿತ್ತು. ತಲೆಯೆತ್ತಿದರೆ ಸುತ್ತ ಹೊಸ ಗೋಡೆಗಳು, ಬಿಸಿಲಲ್ಲಿ ದೋಣಿಗಳಂತೆ ತೇಲುತ್ತಿದ್ದವು.

ಕೊನೆಯ ವರಸೆಗೆ ಪೂಜಾರಿ ಬಂದ. ದೇವಿಯ ನೆಲಕ್ಕೆ ಗಾರೆ ಬಳಿಯುತ್ತೇವೆ, ಅದರಲ್ಲಿ ಒಂದು ತೂತೂ ಇರಕೂಡದು ಎಂದು ಹೇಳಿ ಹೋದ. ನನಗೆ ಅಳುವೇ ಬಂತು.

ಪೂಜಾರಿ ಮರೆಯಾಗುವವರೆಗೆ ಉರ್ಮೆಶ್ ಗಾರೆ ಕಲಸುತ್ತಿದ್ದ. "ನೆಲದಲ್ಲಿ ಬೇಡ ಅಂದ್ರು. ಗೋಡೇಲಿ ಬೇಡ ಅನ್ಲಿಲ್ವಲ್ಲ?" ಎಂದು ಕೊಳವೆಯನ್ನು ಓರೆಯಾಗಿ ತಿರುಗಿಸಿ, ಮೆಟ್ಟಿಲ ಪಕ್ಕದ ಗೋಡೆಗೆ ಅದರ ಬಾಯಿ ತೆರೆದ.

ಮರುದಿನ ಬೆಳಿಗ್ಗೆ ನೀರು ಹೊಯ್ದು ಕಾದೆ. ಎಂಟು ಉಸಿರಾದ ಮೇಲೆ, ಎಲ್ಲೋ ನಿದ್ದೆಯೊಳಗಿನಿಂದ ಬಂದ ಹಾಗೆ, ಸದ್ದು ಬಂತು.

ನನ್ನ ಬೆನ್ನ ಹಿಂದೆ, ಹಳೇ ಓಣಿಯಲ್ಲಿ ಪಕ್ಕದ ಮನೆಯವಳಾಗಿದ್ದ ನಿನ್‌ಶಗ ಕೊಡ ಹಿಡಿದು ನಿಂತಿದ್ದಳು. "ನಮ್ಮತ್ತೇನೂ ಅಲ್ಲೇ ಇದ್ದಾಳೆ ಕಣೇ. ಅವಳ ಹೆಸರಲ್ಲೂ ಒಂಚೂರು..."

"ಇದು ನಮ್ಮಮ್ಮನ ಕೊಳವೆ ಕಣಕ್ಕಾ. ಬಾತುಕೋಳಿ ಜಗಳ ಆದ್ಮೇಲೆ ಅವರಿಬ್ರಿಗೂ ಮಾತೇ ಇರ್ಲಿಲ್ವಲ್ಲ."

"ಸತ್ಮೇಲೂ ಬಾತುಕೋಳೀನಾ?"

ಅವಳ ಹಿಂದೆ ನಮ್ಮ ಓಣಿಯ ಹೆಂಗಸರೆಲ್ಲ ಮೆಟ್ಟಿಲ ಬುಡದವರೆಗೆ ಸಾಲುಗಟ್ಟಿದ್ದರು. ಪಕ್ಕಕ್ಕೆ ಸರಿದರೆ ಅಮ್ಮ ಹತ್ತರಲ್ಲಿ ಹನ್ನೊಂದಾಗುತ್ತಾಳೆ. ನಿನ್‌ಶಗ ತುಂಬಿದ ಕೊಡವನ್ನು ಒಂದು ಸೊಂಟದಿಂದ ಇನ್ನೊಂದಕ್ಕೆ ಬದಲಿಸಿದಳು.

ಸರಿದೆ. "ಮೊದ್ಲು ಹೆಸರು ಕೂಗಿ ಆಮೇಲೆ ಹೊಯ್ಯಿ," ಎಂದೆ. "ಇಲ್ದಿದ್ರೆ ನಮ್ಮಮ್ಮ ಎಲ್ಲಾನೂ ಒಬ್ಳೇ ಕುಡಿದ್ಬಿಡ್ತಾಳೆ."