ಮುಚ್ಚಿದ ಬಡಾವಣೆ

"ಮೇಡಂ, ಇವರು ಜನ ಅಲ್ಲ," ಎಂದಳು ಅವಳು, ಪರದೆಯಿಂದ ಕಣ್ಣು ಕೀಳದೆ. "ಇಷ್ಟು ಮಂದಿಗೆ ಒಟ್ಟಿಗೇ ಎದೆನೋವು ಬರುತ್ತಾ?"

ಆಂಬುಲೆನ್ಸ್ ನಿಯಂತ್ರಣ ಕೊಠಡಿಯ ನೆಟ್‌ವರ್ಕ್ ಕಾಯುವುದು ಅವಳ ಕೆಲಸ. ವಯಸ್ಸಾದವರು ಕೊರಳಲ್ಲಿ ಹಾಕಿಕೊಂಡ ಗುಂಡಿ ಒತ್ತಿದರೆ ಇಲ್ಲಿನ ನಕ್ಷೆಯಲ್ಲಿ ಕೆಂಪು ದೀಪ ಹೊತ್ತಿಕೊಳ್ಳುತ್ತದೆ. ಈ ಮಧ್ಯಾಹ್ನ ಲಕ್ಷಗಟ್ಟಲೆ ಸುಳ್ಳು ಕರೆಗಳು ಒಮ್ಮೆಲೇ ನುಗ್ಗಿ, ನಿಜದ ಕರೆಗೆ ಕಾಲಿಡಲೂ ಜಾಗವಿರಲಿಲ್ಲ. ಎಲ್ಲವೂ ಒಂದೇ ಅಳತೆ, ಒಂದೇ ಅಚ್ಚು. ಕಾವಲಿಗೆಂದು ಮನೆಗಳಲ್ಲಿ ಹಾಕಿಸಿದ ಅಗ್ಗದ ಕ್ಯಾಮೆರಾಗಳನ್ನು ಯಾರೋ ವಶಮಾಡಿಕೊಂಡು ಈ ಕೊಠಡಿಯ ಮೇಲೆ ಛೂ ಬಿಟ್ಟಿದ್ದರು. ಬೇಲಿಯೇ ಎದ್ದು ಹೊಲ ಮೇಯ್ದಿತ್ತು.

"ಎಲ್ಲಿಂದ ಬರ್ತಿವೆ?" ಮೇಲಧಿಕಾರಿ ಕೇಳಿದರು.

"ಹೆಚ್ಚಿನವು ರೈಲು ಹಳಿಯಾಚೆ ಬಡಾವಣೆಯಿಂದ. ನಮ್ಮನೆ ಇರೋ ಕಡೆ."

ಅಮ್ಮನ ಮಂಚದೆದುರು ಅಂಥದೇ ಕ್ಯಾಮೆರಾ ಇತ್ತು. ಪಾಸ್‌ವರ್ಡ್ ಬದಲಿಸಿ ಎಂದು ಊರಿಗೆಲ್ಲ ಬುದ್ಧಿ ಹೇಳುವವಳು ಮನೆಯದನ್ನು ಕೊಂಡಾಗ ಇದ್ದ ಹಾಗೇ ಬಿಟ್ಟಿದ್ದಳು. ನಾಚಿಕೆಯಾಯಿತು.

"ಆ ಬಡಾವಣೆನ ಪೂರ್ತಿ ಮುಚ್ಚಿಬಿಡಮ್ಮ, ಅಲ್ಲಿಂದ ನಮಗೆ ಏನೂ ಬರಬಾರದು. ಊರು ಕಾಯ್ಬೇಕಲ್ಲ."

"ಅಲ್ಲಿನ ಗುಂಡಿಗಳೂ ಕೆಲಸ ಮಾಡಲ್ಲ, ಮೇಡಂ."

"ಫೋನ್ ಇದೆಯಲ್ಲ."

ಫೋನ್ ಇದ್ದದ್ದು ಹಜಾರದಲ್ಲಿ. ಸೊಂಟ ಮುರಿದ ಅಮ್ಮ ಮಂಚ ಬಿಟ್ಟು ಏಳುವಂತಿರಲಿಲ್ಲ. ಆದರೂ ಅವಳು ಮುಚ್ಚಿದಳು. ಪರದೆಯಲ್ಲಿ ಕರೆಗಳ ಲೆಕ್ಕ ತೋರಿಸುವ ಗೆರೆ ಸರ್ರನೆ ಕೆಳಗಿಳಿಯಿತು. "ಅಬ್ಬ, ಗಂಡಾಂತರ ಕಳೀತು," ಎಂದು ಪಕ್ಕದ ಕುರ್ಚಿಯವನು ಮೈಮುರಿದ.

ಊಟವಾದೊಡನೆ ಕೊರಳಿನ ಗುಂಡಿಯನ್ನು ಒಂದು ಸಲ ಒತ್ತುವುದು ಅಮ್ಮನ ರೂಢಿ. ಎಷ್ಟು ಗದರಿದರೂ ಬಿಟ್ಟಿರಲಿಲ್ಲ. "ನಿಮ್ಮಮ್ಮನ ಹಾಜರಿ ಬಂತು," ಎಂದು ಪಕ್ಕದವನು ದಿನವೂ ನಗುತ್ತಿದ್ದ. ಇವತ್ತು ಹಾಜರಿ ಬರುವುದಿಲ್ಲವೆಂದು ಅವಳಿಗೆ ಗೊತ್ತು. ಬಾಗಿಲು ಹಾಕಿದ್ದು ತಾನೇ. ಮುಚ್ಚಿದ್ದು ಈ ಕೊಠಡಿಗೆ ಬರುವ ದಾರಿಯನ್ನಷ್ಟೇ; ಮನಸ್ಸು ತಡೆಯದೆ ತನ್ನ ಮೊಬೈಲಿನಲ್ಲಿ ಮನೆಯ ಕ್ಯಾಮೆರಾ ತೆರೆದಳು.

ಚಿತ್ರ ತಡವರಿಸುತ್ತಾ ಬಂತು. ಅಮ್ಮ ಒಂದು ಪಕ್ಕಕ್ಕೆ ವಾಲಿಕೊಂಡು ಗುಂಡಿ ಒತ್ತುತ್ತಿದ್ದಳು. ಒಂದು ಸಲವಲ್ಲ, ಮತ್ತೆ ಮತ್ತೆ. ಸ್ಟೂಲಿನ ಮೇಲಿನ ಊಟದ ತಟ್ಟೆಗೆ ಮುಚ್ಚಿದ ಮುಚ್ಚಳ ಹಾಗೇ ಇತ್ತು.

"ನಮ್ಮನೆಗೆ ಗಾಡಿ ಕಳ್ಸಿ! ಬೇಗ!" ಅವಳು ಚೀರಿದಳು.

"ಹೊರಡ್ತು, ಹೊರಡ್ತು. ಸಮಾಧಾನ ಮಾಡ್ಕೊಳ್ಳಿ," ಎಂದ ಪಕ್ಕದವನು. "ಸದ್ಯ, ನೀವು ನೋಡಿದ್ರಲ್ಲ."

ಅವಳು ತಲೆಯೆತ್ತಿದಳು. ನಕ್ಷೆಯಲ್ಲಿ ಊರಿನ ಉಳಿದೆಡೆ ಅಲ್ಲೊಂದು ಇಲ್ಲೊಂದು ಕೆಂಪು ದೀಪ ಮಿನುಗುತ್ತಿತ್ತು. ಹಳಿಯಾಚೆಯ ಬಡಾವಣೆ ಮಾತ್ರ ಬೂದುಬಣ್ಣಕ್ಕೆ ತಿರುಗಿ, ಎಲ್ಲರೂ ಉಂಡು ಮಲಗಿದಂತೆ ಶಾಂತವಾಗಿತ್ತು.